ಸೋತವರ ಆಟ

ಹಿಡಕಲ್ ಡ್ಯಾಮಿಗೆ ಮುಳುಗುವ ಹೊಲ ಅಳೆಯುವುದು ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಪೇಪರನ್ನು ಜೋರಾಗಿ ಓದುತ್ತಿದ್ದೆ. ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ನಮ್ಮ ದೇಶ ಸೋತಿತ್ತು. ಸೋತ ಇನ್ನೊಂದು ದೇಶದೊಂದಿಗೆ ಮೂರನೇ ಸ್ಥಾನಕ್ಕೆ ಆಡಬೇಕಿತ್ತು.

ಅಲ್ಲೇ ಕುಳಿತಿದ್ದ ಮುದುಕ ರೈತ ಬಾಳಪ್ಪ ಕೇಳಿದ, "ಸೋತವ್ರನ್ನ ಮನಿಗೆ ಕಳಸೂದು ಬಿಟ್ಟು, ಮತ್ತ ಅವರವರಾಗ ಯಾಕ ಆಡಾಕ ಹಚ್ತಾರ್ರಿ ಸಾಹೇಬ್ರ?"

"ಬರಿಗೈಲೆ ಹೋಗಬಾರದಲ್ಲ ಕಾಕಾ" ಅಂದೆ.

ಆಮೇಲೆ ಅವನನ್ನೂ ಬಾಜೂ ಹೊಲದವನನ್ನೂ ಕರೆದೆ. ಇಬ್ಬರ ಹೊಲವೂ ಮುಳುಗುವುದಿತ್ತು, ಬದಲಿಗೆ ಕೊಡಲು ಉಳಿದದ್ದು ಒಂದೇ ತುಂಡು. ಡಬ್ಬಿಯಲ್ಲಿ ಎರಡು ಚೀಟಿ ಹಾಕಿ ಎತ್ತಲು ಹೇಳಿದೆ.

ಬಾಳಪ್ಪ ಡಬ್ಬಿಗೆ ಕೈ ಹಾಕಿ ನನ್ನ ಮುಖ ನೋಡಿದ. "ಇದೂ ಮೂರನೇದಕ್ಕ ಏನ್ರಿ?"

ಅವನಿಗೆ ಖಾಲಿ ಚೀಟಿ ಬಂತು.

ಎರಡು ದಿನದ ಮೇಲೆ ಪೇಪರಿನಲ್ಲಿ ನಮ್ಮವರು ನಾಲ್ಕನೆಯವರಾಗಿದ್ದರು. ಅವತ್ತು ಜೋರಾಗಿ ಓದಲಿಲ್ಲ.