ಹೊಸಿಲು ದಾಟದ ಕಾಗದ

ಬೆಳಗಿನ ರೈಲಿನಲ್ಲಿ ಮೈಸೂರು ಬಿಟ್ಟಾಗ ನನ್ನ ಚೀಲದಲ್ಲಿ ಮೆತ್ತನೆಯ ಬ್ರಷ್ಷು, ಒತ್ತುಕಾಗದ, ಎರಡು ಖಾಲಿ ರಟ್ಟಿನ ಪೆಟ್ಟಿಗೆ ಇದ್ದವು. ಹಳೆಯ ಕಾಗದಪತ್ರ ಕೆಡದಂತೆ ಕಾಪಾಡುವುದು ನನ್ನ ಕೆಲಸ. ಇಂಗ್ಲೆಂಡಿನ ಕ್ವೇಕರ್ ಪಂಥದ ಕ್ರೈಸ್ತರು ತಮ್ಮವರ ಪತ್ರಗಳನ್ನು ಒಂದು ಭಂಡಾರದಲ್ಲಿ ಕೂಡಿಡುತ್ತಾರೆ. ಆ ಪಂಥದ ಡೋರತಿ ಎಂಬ ನರ್ಸ್ ಹಿಂದೆ ಗುಂಡ್ಲುಪೇಟೆಯ ಕಡೆ ಬಸುರಿ ಬಾಣಂತಿಯರನ್ನು ನೋಡಿಕೊಂಡಿದ್ದರು. ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ, ಇಲ್ಲಿ ಜೊತೆಗೆ ದುಡಿದ ಮಹದೇವಮ್ಮನಿಗೆ ಬರೆದ ಪತ್ರಗಳನ್ನು ಆ ಭಂಡಾರಕ್ಕಾಗಿ ತರಲು ಹೊರಟಿದ್ದೆ.

ಚಾಮರಾಜನಗರದ ಸ್ಟೇಷನ್ನಿಗೆ ಮಹದೇವಮ್ಮನ ಸೊಸೆ ನಾಗರತ್ನ ಬಂದಿದ್ದರು. ಇಡ್ಲಿ ತಿಂದು ಬಸ್ ಹತ್ತಿದೆವು. ಆಧಾರ್ ತೋರಿಸಿದ್ದಕ್ಕೆ ಇಬ್ಬರಿಗೂ ಫ್ರೀ ಟಿಕೆಟ್. ತೆರಕಣಾಂಬಿ ದಾಟುವಾಗ ನಾಗರತ್ನ, "ಅತ್ತೆ ಎಲ್ಲಾನೂ ಕೊಡ್ತರೆ ಮೇಡಂ, ಒಂದು ಕಾಗದ ಮಾತ್ರ ಕೊಡಕಿಲ್ಲ ಅಂತಾವ್ರೆ. ನಾಳಿದ್ದು ಕೊಟ್ಟಿಗೆ ಕೀಳುಸ್ತೀವಿ. ಅದೂ ಮಣ್ಣುಪಾಲಾಯ್ತದೆ" ಎಂದರು. ಕೊಟ್ಟಿಗೆಗೂ ಕಾಗದಕ್ಕೂ ಏನು ಸಂಬಂಧ ಎಂದೆ. "ನೀವೇ ಕೇಳುವ್ರಂತೆ."

ಗುಂಡ್ಲುಪೇಟೆಯಿಂದ ಊರಿಗೆ ಆಟೋ, ಇನ್ನೂರು ರೂಪಾಯಿ. ಎರಡೂ ಕಡೆ ಚೆಂಡುಹೂವಿನ ಹೊಲ. ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದಲ್ಲಿತ್ತು.

ಪತ್ರಗಳು ನಡುಮನೆಯ ಗೋಡೆಗೆ ನೇತುಹಾಕಿದ ತಂತಿಯಲ್ಲಿದ್ದವು. ಬಂದ ಹಾಗೆ ಒಂದರ ಮೇಲೊಂದು ಚುಚ್ಚಿದ್ದು. ನೀಲಿ ಕಾಗದದಲ್ಲಿ ದುಂಡಗಿನ ಕನ್ನಡ. ಪ್ರತಿಯೊಂದರ ನಡುಮಧ್ಯೆ ತುಕ್ಕಿನ ಕಲೆ ಹತ್ತಿದ ತೂತು. ಹರಿಯದಂತೆ ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಹದೇವಮ್ಮ ಪಕ್ಕದಲ್ಲೇ ಕೂತು ಕಾವಲು ಕಾಯುತ್ತಿದ್ದರು.

"ಡೋರತಿ ಬಂದ ಹೊಸ್ದುರಲ್ಲಿ ಕಣ್ ಮುಚ್ಕಂಡು ಸುಮ್ಕೆ ಕೂತಿರೋಳು. ತಲೆನೋವು ಅಂದ್ಕಂಡು ಶುಂಠಿ ಅರ್ದು ಹಣೆಗೆ ಮೆತ್ಬುಟ್ಟೆ. ಅದು ಅವಳ ಪೂಜೆಯಂತೆ ಕಣವ್ವ! ಉರಿ ತಡ್ಕಂಡೇ ಕೂತಿದ್ಲು."

ಕೊಡುವುದಿಲ್ಲ ಎಂದಿದ್ದ ಆ ಒಂದು ಕಾಗದದ ಮಾತೆತ್ತಿದೆ. ಅವರ ನಗು ನಿಂತಿತು.

ಸಾವಿನ ಸುದ್ದಿ ತಂದ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ನಮ್ಮಲ್ಲಿ ರೂಢಿ. ಅದು ಹೊಸಿಲು ದಾಟಬಾರದು. ಡೋರತಿ ತೀರಿಕೊಂಡರೆಂದು ಅವರ ತಮ್ಮ ಬರೆದದ್ದನ್ನು ಪೋಸ್ಟ್‌ಮ್ಯಾನ್ ಅಂಗಳದಲ್ಲೇ ನಿಂತು ಓದಿ ಹೇಳಿದ್ದನಂತೆ.

"ಹರ್ದಾಕ್ಬೇಕಿತ್ತು. ಅವಳ ಹೆಸ್ರು ಇತ್ತಲ್ಲ, ಕೈ ಬರ್ನಿಲ್ಲ. ಒಳೀಕೆ ತರಂಗಿಲ್ಲ. ಕೊಟ್ಟಿಗೆ ಹೆಂಚಿನ ಕೆಳಗೆ ಸಿಗ್ಸ್‌ಬುಟ್ಟೆ."

"ಅದನ್ನೂ ಕೊಡಿ, ಅವ್ವ."

"ಸಾವಿನ ಕಾಗದವ ಇನ್ನೊಬ್ಬರ ಮನೆಗೆ ಕಳಿಸ್ತರಾ ಯಾರಾದ್ರೂ? ಓದ್ದೋಳಾಗಿ ಇಂಗಂತೀಯಲ್ಲ!"

ಡೋರತಿಯ ಕಡೆಯವರು ಅದನ್ನು ಹರಿಯುವುದಿಲ್ಲ ಎಂದೆ. ಯಾರಾದರೂ ಸತ್ತರೆ ಎಲ್ಲರೂ ಮೌನವಾಗಿ ಕೂರುತ್ತಾರೆ. ಬಲ್ಲವರು ಎದ್ದು ಅವರು ಬಾಳಿದ ರೀತಿ ಹೇಳುತ್ತಾರೆ. ಅದನ್ನು ಬರೆದೂ ಇಡುತ್ತಾರೆ.

ಮಹದೇವಮ್ಮ ಖಾಲಿ ತಂತಿಯನ್ನು ಮತ್ತೆ ಗೋಡೆಗೆ ನೇತುಹಾಕಿದರು. ಆಮೇಲೆ, "ಅಂಗಾರೆ ನನ್ ಮಾತೂ ಬರ್ಕೊ" ಎಂದರು. "ನನ್ ಮೊದಲ್ನೇ ಕೂಸು ಉಳೀನಿಲ್ಲ. ಊರೋರೆಲ್ಲ ಬಂದು ಏನೇನೋ ಅಂದ್ರು. ಇವಳು ಒಂದು ಮಾತೂ ಆಡ್ನಿಲ್ಲ. ಬೈಗಾಗೋ ಗಂಟ ಜಗುಲಿ ಮೇಲೆ ನನ್ ಪಕ್ಕದಲ್ಲಿ ಕೂತಿದ್ಲು. ಅಷ್ಟೇಯ."

ಅವರು ಆಡಿದ ಹಾಗೆಯೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ತಿದ್ದಲಿಲ್ಲ.

ಅವರೇ ಕೊಟ್ಟಿಗೆಗೆ ಹೋಗಿ ಕಾಗದ ತಂದರು. ಒಳಗೆ ಒಯ್ಯಲು ಬಿಡಲಿಲ್ಲ. ಅಂಗಳದ ಕಲ್ಲಿನ ಮೇಲೆ ಮೊರವಿಟ್ಟು, ಗಾಳಿಗೆ ಬೆನ್ನು ಕೊಟ್ಟು ಮಣ್ಣು ಕೊಡವಿದೆ. ಒಂದು ಮೂಲೆ ಗೆದ್ದಲಿಗೆ ಹೋಗಿತ್ತು. ಹೆಸರು ಉಳಿದಿತ್ತು.

"ಅವುಗಳ ಜೊತೆ ಸೇರಿಸ್ಬ್ಯಾಡ ಕಣವ್ವ."

ಸೇರಿಸುವುದಿಲ್ಲ ಎಂದೆ. ಎಲ್ಲಿ ಹೇಗೆ ಸಿಕ್ಕಿತೋ ಹಾಗೆಯೇ ಇಡಬೇಕೆಂಬುದು ನಮ್ಮ ಕೆಲಸದ ನಿಯಮವೂ ಹೌದು. ಕಾಗದವನ್ನೂ ಅವರ ಮಾತು ಬರೆದ ಹಾಳೆಯನ್ನೂ ಎರಡನೆಯ ಪೆಟ್ಟಿಗೆಗೆ ಹಾಕಿ, ಮೇಲೆ 'ಕೊಟ್ಟಿಗೆಯಲ್ಲಿ ಸಿಕ್ಕಿದ್ದು' ಎಂದು ಬರೆದೆ. ಊಟಕ್ಕೆ ಒಳಗೆ ಹೋಗುವ ಮೊದಲು ಅವರು ನನ್ನ ಕಾಲಿಗೆ ನೀರು ಹುಯ್ದರು. ಮುದ್ದೆ, ಅವರೆಕಾಳು ಸಾರು.

ಸಂಜೆಯ ಬಸ್ಸಿಗೆ ಮೈಸೂರು ತಲುಪಿದೆ. ಮನೆಯ ಬೀಗ ತೆಗೆದು ಮೊದಲ ಪೆಟ್ಟಿಗೆಯನ್ನು ಒಳಗಿಟ್ಟೆ. ಎರಡನೆಯದನ್ನು ಹಿಡಿದು ಹೊಸಿಲ ಹೊರಗೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅದನ್ನು ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಕಾಲು ತೊಳೆದುಕೊಂಡು ಒಳಗೆ ಹೋದೆ.