ಕಾಕಾ ಮಾಡಿದ ಪಿನ್ನು

ಕಳೆದ ವಾರ ಬಾಲಾನಗರದಲ್ಲಿ ನಾನಿದ್ದ ಆಟೊ ಒಂದು ವರ್ಕ್‌ಶಾಪಿನ ಮುಂದೆ ನಿಂತಿತು. ಉಕ್ಕು ಕಡೆಯುವ ಲೇತ್ ಯಂತ್ರಕ್ಕೆ ಬಿಡುವ ಕೂಲೆಂಟ್ ಎಣ್ಣೆಯ ವಾಸನೆ ಒಳಗೆ ನುಗ್ಗಿತು. ಎದುರುಮನೆಯ ಕಾಕಾ ಎಷ್ಟು ಸೋಪು ಹಚ್ಚಿದರೂ ಅವರ ಕೈಯಿಂದ ಹೋಗದಿದ್ದ ವಾಸನೆ ಅದು.

ಕಾಕಾ ಬೀದರ್ ಕಡೆಯವರು. ಸನತ್‌ನಗರದ ನಮ್ಮ ಕಾಲೊನಿಯಲ್ಲಿದ್ದುಕೊಂಡು, ಬಾಲಾನಗರದ ಸಣ್ಣ ವರ್ಕ್‌ಶಾಪೊಂದರಲ್ಲಿ ಇಪ್ಪತ್ತು ವರ್ಷ ಲೇತ್ ನಡೆಸಿದವರು. ಅಲ್ಲಿಗೆ ಒಮ್ಮೆ ರಾಕೆಟ್ಟಿನ ಕೆಲಸ ಬಂತು: ಬೆರಳುದ್ದದ ಉಕ್ಕಿನ ಪಿನ್ನುಗಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಪಾಸಣೆಯಿಂದ ವಾಪಸ್ ಬರುತ್ತಿದ್ದವು. ಕಾಕಾ ಮಾಡಿದ್ದು ಒಂದೂ ವಾಪಸ್ ಬರಲಿಲ್ಲ. ನ್ಯಾವಿಗೇಷನ್ ಉಪಗ್ರಹ ಹೊತ್ತು ಹೋಗುವ ರಾಕೆಟ್ಟಿನಲ್ಲಿ ಆ ಪಿನ್ನುಗಳಿವೆ ಎಂದು ಮಾಲೀಕರು ಹೇಳಿದಾಗ, ಅದು ಏರುವ ಮೊದಲೇ ಕಾಕಾ ನಮ್ಮ ಸಾಲಿನ ಎಲ್ಲ ಮನೆಗಳಿಗೆ ಪೇಢೆ ಹಂಚಿದರು.

ರಾಕೆಟ್ ಏರಿತು. ಅವರ ಮನೆಯ ಟೀವಿಯ ಮುಂದೆ ಕೂತಿದ್ದ ನಾವೆಲ್ಲ ಚಪ್ಪಾಳೆ ಹೊಡೆದೆವು. ಆಮೇಲೆ ಪರದೆಯ ಮೇಲಿನ ಗೆರೆ ಇರಬೇಕಾದ ದಾರಿ ಬಿಟ್ಟು ಕೆಳಗೆ ಬಾಗತೊಡಗಿತು... ಉಪಗ್ರಹ ಕಕ್ಷೆ ಸೇರಲಿಲ್ಲ.

ಮರುದಿನದಿಂದ ಕಾಲೊನಿಗೆ ಒಂದು ತಮಾಷೆ ಸಿಕ್ಕಿತು. "ಏನ್ರಿ ಕಾಕಾ, ನಿಮ್ಮ ಪಿನ್ನೇ ಕೈ ಕೊಟ್ಟಿತೇನ್ರಿ?" ಕಿರಾಣಿ ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಎಲ್ಲೆಲ್ಲೂ ಅದೇ. ಕೇಳಿದವರಿಗೆ ಅದು ಸಂಜೆಗೆ ಮರೆತುಹೋಗುವ ಮಾತು. ಕಾಕಾ ಅವರ ಜೊತೆ ತಾವೂ ನಗುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂರುತ್ತಿಲ್ಲ ಎಂದು ಅವರ ಹೆಂಡತಿ, ನಮ್ಮ ಕಾಕಿ, ಅಮ್ಮನ ಮುಂದೆ ಹೇಳಿಕೊಂಡರು.

ಒಂದು ಸಂಜೆ ಕಾಕಾ ನನ್ನನ್ನು ಕರೆದರು. ನಾನಾಗ ಫಿಸಿಕ್ಸ್ ಎಂ.ಎಸ್ಸಿ. ಓದುತ್ತಿದ್ದೆ.

"ನೀ ಓದಿದಾಕಿ ಅದೀ ಬೇಟಾ. ಖರೆ ಹೇಳು, ನನ್ನ ಪಿನ್ನಿಂದ ಆಗಿರಬಹುದೇನು?"

ಇಲ್ಲ ಎಂದುಬಿಡಬಹುದಿತ್ತು. ಗೊತ್ತಿಲ್ಲದ್ದನ್ನು ಹೇಳುವವಳಲ್ಲ ಎಂಬ ಹೆಮ್ಮೆ ನನಗೆ. ತನಿಖೆಯ ವರದಿ ಬರುವವರೆಗೆ ಏನೂ ಹೇಳಲಾಗದು ಎಂದೆ. ಕಾಕಾ ತಲೆಯಾಡಿಸಿದರು. ಮುಂದಿನ ತಿಂಗಳು ಮಾಲೀಕರನ್ನು ಕೇಳಿಕೊಂಡು ರಾಕೆಟ್ಟಿನ ಕೆಲಸ ಬಿಟ್ಟು, ಅಲ್ಲೇ ನೀರಿನ ಪಂಪುಗಳ ಕೆಲಸಕ್ಕೆ ಹೋದರು.

ವರದಿ ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬಂದಾಗ ನಾನು ಹಾಸ್ಟೆಲಿನಲ್ಲಿದ್ದೆ. ಕೆಟ್ಟಿದ್ದು ರಾಕೆಟ್ಟಿನ ಮೇಲಿನ ಹಂತದಲ್ಲಿ ಇಂಧನ ಬಿಡುವ ಕವಾಟ, ಅಂದರೆ ವಾಲ್ವ್. ಕಾಕಾನ ಪಿನ್ನುಗಳಿದ್ದ ಕೆಳಗಿನ ಹಂತ ತನ್ನ ಕೆಲಸವನ್ನು ಸರಿಯಾಗಿ ಮುಗಿಸಿತ್ತು. ಫೋನಿನಲ್ಲಿ ಹೇಳುವುದು ಬೇಡ, ಭಾನುವಾರ ಹೋದಾಗ ಎದುರು ಕೂತು ವಿವರಿಸೋಣ ಎಂದುಕೊಂಡೆ. ಆ ಭಾನುವಾರ ಸೆಮಿನಾರಿನ ತಯಾರಿ ಇತ್ತು. ಅದರ ಮುಂದಿನ ಭಾನುವಾರ ಏನೋ ಇತ್ತು, ಈಗ ನೆನಪಿಲ್ಲ... ಮೂರನೆಯದು ಬರುವ ಮೊದಲೇ ಕಾಕಾ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಸಾವಿನ ಮನೆಯಲ್ಲಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಎರಡು ತಿಂಗಳ ಹಿಂದೆ ಅಂಥದೇ ಇನ್ನೊಂದು ಉಪಗ್ರಹ ಕಕ್ಷೆ ಸೇರಿತು. ಕಾಕಿಯ ಪಕ್ಕದಲ್ಲಿ ಕೂತು ಅವರ ಟೀವಿಯಲ್ಲೇ ನೋಡಿದೆ. ಕಾಕಿ ಸಿಟ್ಟಿಲ್ಲದೆ, ಸಮಾಧಾನದಿಂದಲೇ ಹೇಳಿದರು: "ಇದರಾಗ ನಿಮ್ಮ ಕಾಕಾಂದು ಏನೂ ಇದ್ದಿದ್ದಿಲ್ಲ ನೋಡು. ಅದಕ್ಕ ಸರಿ ಹೋತು."

ಆಗ ಹೇಳಿದೆ. ಕವಾಟ, ಹಂತ, ವರದಿ, ಎಲ್ಲವನ್ನೂ. ಕಾಕಿ ಕೊನೆಯವರೆಗೂ ಕೇಳಿಸಿಕೊಂಡರು.

"ನಿನಗ ಇದು ಯಾವಾಗ ಗೊತ್ತಾತು?"

"ಕಾಕಾ ಇದ್ದಾಗ."

ಕಾಕಿ ಎದ್ದು ಟೀವಿ ಆರಿಸಿದರು. ಎದುರುಮನೆಯ ಬಾಗಿಲು ಈಗಲೂ ಹಗಲೆಲ್ಲ ತೆರೆದೇ ಇರುತ್ತದೆ. ಒಳಗೆ ಹೋಗಲು ನನಗಿನ್ನೂ ಆಗಿಲ್ಲ.