ಬಾಗಿಲು ಮುಚ್ಚಿಕೊಂಡು ಓಡಿದ್ದು

ಕೂತಲ್ಲಿ ಕೂರುವವಳಲ್ಲ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಬೈಯುತ್ತಿದ್ದರು. ಅಂಥವಳಿಗೆ ಐವತ್ತು ತುಂಬುವ ಮೊದಲೇ ಶುಗರ್ ಬಂತು. ದಿನಾ ನಡೆಯಿರಿ ಎಂದರು ಡಾಕ್ಟರು. ಅವರಿಗೇನು, ಹೇಳಿಬಿಟ್ಟರು. ನಮ್ಮ ಸೀತಾಂಗೋಳಿ ರಸ್ತೆಯಲ್ಲಿ ನನ್ನಂಥ ಒಬ್ಬ ಟೀಚರು ಕೆಲಸವಿಲ್ಲದೆ ನಡೆದು ತೋರಿಸಲಿ, ನೋಡೋಣ. ಬೈಕು ನಿಲ್ಲುತ್ತದೆ, ಆಟೋ ನಿಲ್ಲುತ್ತದೆ, ಮುಂದೆ ಹೋದ ಕಾರು ಹಿಂದಕ್ಕೆ ಬರುತ್ತದೆ. ಎಲ್ಲಿಗೆ, ಯಾಕೆ, ಬಸ್ಸು ತಪ್ಪಿತೇ? ಹತ್ತುವುದಿಲ್ಲ ಎಂದರೆ ಅವರಿಗೆ ಬೇಸರ. ಸುಮ್ಮನೆ ನಡೆಯುತ್ತಿದ್ದೇನೆ ಎಂದರಂತೂ ಮನೆಯಲ್ಲಿ ಜಗಳವಾಗಿರಬೇಕೆಂಬ ಕನಿಕರ. ಹೀಗಾಗಿ ನಾನು ನಡೆದದ್ದಕ್ಕಿಂತ ಬಿಟ್ಟಿ ಸವಾರಿ ಮಾಡಿದ್ದೇ ಹೆಚ್ಚು. ಮೈಯೊಳಗೆ ಏನೋ ಚಡಪಡಿಕೆ, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಆ ವರ್ಷವೇ ನಮ್ಮ ಶಾಲೆಯ ಮೈದಾನವನ್ನು ಹೊಸ ಕಟ್ಟಡಕ್ಕೆಂದು ಅಗೆದರು. ಮಕ್ಕಳಿಗೆ ಓಡಲು ಜಾಗವಿಲ್ಲವೆಂದು ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಒಂದು ವಿಡಿಯೋ ಗೇಮ್ ಕಳುಹಿಸಿದರು. ದೊಡ್ಡ ಟಿ.ವಿ., ಅದರ ಕೆಳಗೊಂದು ಕ್ಯಾಮರಾ. ಎದುರು ನಿಂತು ನಿಂತಲ್ಲೇ ಓಡಿದರೆ ಪರದೆಯೊಳಗಿನ ಗೊಂಬೆಯೂ ಓಡುತ್ತದೆ, ಹಾರಿದರೆ ಹಾರುತ್ತದೆ. ಡ್ರಿಲ್ ಮಾಷ್ಟ್ರಿಲ್ಲದ ಶಾಲೆ. ಆ ಪೀರಿಯಡ್ಡು ಕನ್ನಡ ಟೀಚರಾದ ನನ್ನ ತಲೆಗೆ ಬಂತು. ನಾನು ಕುರ್ಚಿಯಲ್ಲಿ ಕೂತು ವ್ಯಾಯಾಮದ ಮಹತ್ವ ಹೇಳುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಕ್ಕಳು ನೆಲ ನಡುಗುವಂತೆ ಕುಣಿಯುತ್ತಿದ್ದರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಸಣ್ಣ ಕ್ಲಾಸಿನಲ್ಲಿ ಓಟಕ್ಕೆ ನಿಂತರೆ ಯಾರ ಕೈಗೂ ಸಿಗದಿದ್ದವಳು. ಈಗ ದಪ್ಪಗಾಗಿದ್ದಳು, ಯಾರಾದರೂ ನೋಡಿದರೆ ಕುಗ್ಗಿಹೋಗುತ್ತಿದ್ದಳು. ಆಟಕ್ಕೆ ಕರೆದಾಗೆಲ್ಲ ಹೊಟ್ಟೆನೋವು. ಹೀಗೇ ನಿಂತರೆ ಕಾಲಿಗೆ ಬೇರು ಬರುತ್ತದೆ ಎಂದು ಒಮ್ಮೆ ಗದರಿದೆ. ಅವಳು ನನ್ನ ಕುರ್ಚಿಯ ಕಡೆ ನೋಡಿದಳು. ಆ ನೋಟ ಮನೆಯವರೆಗೂ ನನ್ನ ಜೊತೆ ಬಂತು.

ಮರುದಿನ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಟಿ.ವಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ. ನಿಂತಲ್ಲೇ ಓಡಿದೆ. ಗೊಂಬೆ ಅಲುಗಲಿಲ್ಲ. ಸೀರೆಯೊಳಗೆ ಎರಡು ಕಾಲುಗಳಿವೆ ಎಂದೇ ಆ ಕ್ಯಾಮರಾಕ್ಕೆ ತಿಳಿಯಲಿಲ್ಲ. ಗದ್ದೆಯ ಕೆಸರಿನಲ್ಲಿ ನೇಜಿ ನೆಡುವ ಹೆಂಗಸರ ಹಾಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಗೊಂಬೆ ಓಡತೊಡಗಿತು. ಏದುಸಿರು ಬಂದರೂ ನಿಲ್ಲಿಸಲು ಮನಸ್ಸಾಗಲಿಲ್ಲ. ಅಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ.

ಚಿಲಕ ಹಾಕಲು ಮರೆತಿದ್ದೆ. ಬಿಟ್ಟುಹೋದ ಕೊಡೆಗಾಗಿ ಬಂದ ಅದೇ ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು. ಸೀರೆ ಇಳಿಸಬೇಕೋ ಗದರಬೇಕೋ ತಿಳಿಯದೆ ನಾನೂ ನಿಂತೆ. ಅವಳು ನಗಲಿಲ್ಲ. ಒಳಗೆ ಬಂದು ತಾನೇ ಚಿಲಕ ಹಾಕಿದಳು.

"ಕಿಟಕಿ ಸಹ ಹಾಕ್ಲಾ ಟೀಚರ್?"

ಹೊಟ್ಟೆನೋವು ಎಂತ ಆಯ್ತು ಎಂದು ಕೇಳಿದೆ.

"ಅದು ಯಾರಾದ್ರೂ ನೋಡುವಾಗ ಮಾತ್ರ ಬರುವುದು," ಅಂದಳು.

ಇಬ್ಬರೂ ಓಡಿದೆವು, ಪರದೆಯಲ್ಲಿ ಈಗ ಎರಡು ಗೊಂಬೆಗಳು. ಅವಳ ಗೊಂಬೆಯ ಹತ್ತಿರಕ್ಕೂ ನನ್ನದು ಬರಲಿಲ್ಲ. ಸದ್ದು ಕೇಳಿ ಹೆಡ್ಮಾಷ್ಟ್ರು ಹೊರಗಿನಿಂದ ವಿಚಾರಿಸಿದಾಗ, ಬೆಂಚು ಸರಿಸುತ್ತಿದ್ದೇನೆ ಎಂದೆ. ಅವಳು ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ಹಿಂದೆಯೇ ಸಿಟ್ಟು ಬಂತು. ಓಡುವುದಕ್ಕೆ ನಾವಿಬ್ಬರೂ ಕಳ್ಳರ ಹಾಗೆ ಚಿಲಕ ಹಾಕಿಕೊಳ್ಳಬೇಕೇ?

ಅಷ್ಟರಲ್ಲಿ ನನ್ನ ಬಸ್ಸು ಹೋಗಿಯಾಗಿತ್ತು. ಅವಳ ಮನೆಯೂ ಅದೇ ದಾರಿಯಲ್ಲಿ, ಒಟ್ಟಿಗೆ ರಸ್ತೆಗಿಳಿದೆವು. ತಿರುವು ದಾಟುವ ಮೊದಲೇ ಪರಿಚಯದ ಆಟೋ ಒಂದು ಬಂದು ನಿಂತಿತು. ನನ್ನ ನಾಲಗೆ ನೆಪ ಹುಡುಕುತ್ತಿತ್ತು. ಕಾಲು ಆಗಲೇ ಆಟೋದ ಕಡೆ ತಿರುಗಿತ್ತು.

"ನಾವು ನಡೀತೇವೆ ಅಣ್ಣ," ಅಂದಳು ಹುಡುಗಿ.

"ಎಂತಕ್ಕೆ? ದೂರ ಉಂಟಲ್ಲ."

"ಸುಮ್ಮನೆ."

ಆಟೋದವನು ಅವಳನ್ನೂ ನನ್ನನ್ನೂ ನೋಡಿದ. ಅವಳು ಕುಗ್ಗಲಿಲ್ಲ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಹೊರಟೇಬಿಟ್ಟಳು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಅವಳ ಹಿಂದೆ ಬಿರಬಿರನೆ ಹೆಜ್ಜೆ ಹಾಕಿದೆ.